ಅಳಿವೆಯ ನೀರಿನಲ್ಲಿ ಲೋಹ: ಅಳೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವರದಿಯಲ್ಲಿ "ತಾಮ್ರ: ಲೀಟರಿಗೆ 6 ಮೈಕ್ರೊಗ್ರಾಂ" ಎಂದಿದೆ. ಗಾಬರಿಪಡಬೇಕೇ?

ಇಷ್ಟರಿಂದಲೇ ಏನನ್ನೂ ಹೇಳಲಾಗದು. ನೀರನ್ನು ಸೋಸಿ ಅಳೆದರೋ, ಸೋಸದೆಯೋ? ಆ ಹೊತ್ತಿನಲ್ಲಿ ಲವಣಾಂಶ ಎಷ್ಟಿತ್ತು? ಉಬ್ಬರವಿತ್ತೋ, ಇಳಿತವೋ? ಕರಗಿದ ಸಾವಯವ ಇಂಗಾಲ ಎಷ್ಟು? ಅದೇ ದಿನ ಒಯ್ದ ಖಾಲಿ ಮಾದರಿಯಲ್ಲಿ, ಅಂದರೆ ಹೋಲಿಕೆಗೆಂದು ಒಯ್ದ ಶುದ್ಧ ನೀರಿನ ಬಾಟಲಿಯಲ್ಲಿ, ಎಷ್ಟು ತಾಮ್ರ ಕಂಡಿತು? ಇವಕ್ಕೆ ಉತ್ತರವಿಲ್ಲದ ವರದಿ ಅಡ್ಡಗೋಡೆಯ ಮೇಲಿನ ದೀಪ. ಕೆಸರು ತುಂಬಿದ ನೀರನ್ನು ಸೋಸದೆ ಅಳೆದಾಗ 6 ಬಂದಿದ್ದರೆ ಅದರ ಬಹುಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡದ್ದಿರಬಹುದು. ತಿಳಿಯಾದ, ಸಾವಯವ ಇಂಗಾಲ ತೀರ ಕಡಿಮೆಯಿರುವ ನೀರನ್ನು ಸೋಸಿ ಅಳೆದಾಗ ಅದೇ 6 ಬಂದರೆ ಚಿಪ್ಪುಜೀವಿಗಳ ಮರಿಗಳಿಗೆ ಅದು ನಿಜವಾದ ತೊಂದರೆ.

ಜೈವಿಕ ಲಭ್ಯತೆ ಎಂದು ಎಲ್ಲರೂ ಹೇಳುತ್ತಾರೆ. ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವಲ್ಲಿ, ಅದು ಏಕೆ ಇಷ್ಟು ಮುಖ್ಯ?

ನೀರಿನಲ್ಲಿರುವ ಲೋಹದಲ್ಲಿ ಜೀವಿಯ ದೇಹದೊಳಕ್ಕೆ ಹೋಗಬಲ್ಲ ಪಾಲು ಎಷ್ಟು ಎಂಬುದೇ ಜೈವಿಕ ಲಭ್ಯತೆ. ಕಿವಿರಿನ ಪೊರೆಯನ್ನು ಸುಲಭವಾಗಿ ದಾಟುವುದು ಸಾಮಾನ್ಯವಾಗಿ ಬಿಡಿ ಅಯಾನಿನ ರೂಪದ ಲೋಹ. ಸಾವಯವ ಅಣುಗಳ ಹಿಡಿತದಲ್ಲಿರುವುದು, ಕಬ್ಬಿಣದ ಆಕ್ಸೈಡಿಗೆ ಅಂಟಿದ್ದು, ಸಲ್ಫೈಡಾಗಿ ಗಟ್ಟಿಯಾದದ್ದು ಅಷ್ಟು ಸುಲಭವಾಗಿ ಒಳಸೇರುವುದಿಲ್ಲ.

ನದಿಯಲ್ಲಿ ಅಥವಾ ತೆರೆದ ಸಮುದ್ರದಲ್ಲಿ ಈ ರೂಪಗಳ ಪ್ರಮಾಣ ನಿಧಾನವಾಗಿ ಬದಲಾಗುತ್ತದೆ. ಅಳಿವೆಯಲ್ಲಿ ಹಾಗಲ್ಲ, ಕೆಲವೇ ಕಿಲೋಮೀಟರ್ ಅಂತರದಲ್ಲಿ, ಕೆಲವೇ ಗಂಟೆಗಳಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ಅದೂ ಒಂದೊಂದು ಲೋಹಕ್ಕೆ ಒಂದೊಂದು ಬಗೆಯಲ್ಲಿ.

ಕ್ಯಾಡ್ಮಿಯಂ ಇದಕ್ಕೆ ಅತ್ಯುತ್ತಮ ಉದಾಹರಣೆ. ಸಿಹಿನೀರಿನಲ್ಲಿ ಅದರ ದೊಡ್ಡ ಪಾಲು ಬಿಡಿ ಅಯಾನಾಗಿ ಅಥವಾ ತೇಲುವ ಕಣಗಳಿಗೆ ಅಂಟಿಕೊಂಡು ಇರುತ್ತದೆ. ಉಪ್ಪುನೀರು ಬೆರೆತಂತೆ ಕ್ಲೋರೈಡ್ ಅದನ್ನು ಕಣಗಳಿಂದ ಕಿತ್ತು ತನ್ನ ಜೊತೆ ಸೇರಿಸಿಕೊಳ್ಳುತ್ತದೆ. ಹೀಗಾಗಿ ಅಳಿವೆಯ ನಡುಭಾಗದಲ್ಲಿ ಕರಗಿದ ಕ್ಯಾಡ್ಮಿಯಂ ಹೆಚ್ಚಾಗುತ್ತದೆ, ಹತ್ತಿರದಲ್ಲಿ ಯಾವ ಕಾರ್ಖಾನೆಯ ಕೊಳವೆಯೂ ಇಲ್ಲದಿದ್ದರೂ. ಆದರೆ ಪೂರ್ಣ ಸಮುದ್ರದ ಲವಣಾಂಶದಲ್ಲಿ ಕರಗಿದ ಕ್ಯಾಡ್ಮಿಯಂನಲ್ಲಿ ಬಿಡಿ ಅಯಾನಾಗಿ ಉಳಿಯುವುದು ನೂರಕ್ಕೆ ಸುಮಾರು ಮೂರು ಪಾಲು ಮಾತ್ರ. ಒಟ್ಟು ಕರಗಿದ ಪ್ರಮಾಣ ಏರುತ್ತಿರುವಾಗಲೇ ಬಿಡಿ ಅಯಾನಿನ ಪಾಲು ಇಳಿಯುತ್ತಿರುತ್ತದೆ. ಒಂದೇ ಪ್ರಮಾಣದ ಕ್ಯಾಡ್ಮಿಯಂ ಕಡಿಮೆ ಲವಣಾಂಶದ ಮೇಲ್ಭಾಗದಲ್ಲಿ ಹೆಚ್ಚು ವಿಷಕಾರಿಯಾಗುವುದು ಇದೇ ಕಾರಣಕ್ಕೆ.

ತಾಮ್ರಕ್ಕೆ ಕ್ಲೋರೈಡ್‌ಗಿಂತ ಸಾವಯವ ಪದಾರ್ಥಗಳ ಮೇಲೆ ಒಲವು. ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ಪದಾರ್ಥಗಳು, ಪಾಚಿಗಳು ಸ್ರವಿಸುವ ಬಂಧಕ ಅಣುಗಳು ಕರಗಿದ ತಾಮ್ರದ ನೂರಕ್ಕೆ 99ಕ್ಕೂ ಹೆಚ್ಚು ಪಾಲನ್ನು ಹಿಡಿದಿಡುವುದು ಸಾಮಾನ್ಯ. ಈ ಹಿಡಿಯುವ ಸಾಮರ್ಥ್ಯಕ್ಕೂ ಮಿತಿ ಇದೆ. ಮಿತಿ ತುಂಬಿದ ಮೇಲೆ ಬರುವ ಸ್ವಲ್ಪ ತಾಮ್ರವೂ ಬಿಡಿ ಅಯಾನಿನ ಪ್ರಮಾಣವನ್ನು ಹಲವು ಪಟ್ಟು ಏರಿಸಬಲ್ಲದು. ಸೀಸ ಹೆಚ್ಚಾಗಿ ಕಣಗಳ ಜೊತೆಗೇ ಸಾಗುತ್ತದೆ. ಸತು ಕಣ ಮತ್ತು ನೀರಿನ ನಡುವೆ ಆಚೀಚೆ ಓಡಾಡುತ್ತಿರುತ್ತದೆ.

ಕುಡಿಯುವ ನೀರಿನಲ್ಲಿ ಲೀಟರಿಗೆ 2000 ಮೈಕ್ರೊಗ್ರಾಂ ತಾಮ್ರ ಇರಬಹುದಂತೆ, ಅಳಿವೆಯಲ್ಲಿ 3 ಇದ್ದರೂ ಆಕ್ಷೇಪವೇ?

ಹೌದು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿರುವುದು ಲೀಟರಿಗೆ 2 ಮಿಲಿಗ್ರಾಂ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಪ್ಪುನೀರಿನ ಜೀವಿಗಳಿಗಾಗಿ ನಿಗದಿ ಮಾಡಿರುವುದು, ಕರಗಿದ ತಾಮ್ರಕ್ಕೆ, ದೀರ್ಘಾವಧಿಗೆ 3.1 ಮತ್ತು ಅಲ್ಪಾವಧಿಗೆ 4.8 ಮೈಕ್ರೊಗ್ರಾಂ. ನಾವು ಕುಡಿದ ತಾಮ್ರವನ್ನು ಯಕೃತ್ತು ನಿಭಾಯಿಸುತ್ತದೆ. ಪಚ್ಚಿಲೆ ಎಂಬ ಚಿಪ್ಪುಜೀವಿಯ ಭ್ರೂಣಕ್ಕೆ ಆ ಸೌಲಭ್ಯವಿಲ್ಲ. ಮೊದಲ ಎರಡು ದಿನಗಳಲ್ಲಿ ಅದು ಚಿಪ್ಪು ಕಟ್ಟಿಕೊಳ್ಳಬೇಕು, ಆ ಹೊತ್ತಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಆಸುಪಾಸಿನ ತಾಮ್ರವೇ ಚಿಪ್ಪನ್ನು ವಿಕಾರಗೊಳಿಸಬಲ್ಲದು. ಅಲ್ಪಾವಧಿಯ ಮಿತಿ ನಿಂತಿರುವುದು ಈ ಭ್ರೂಣಗಳ ಸೂಕ್ಷ್ಮತೆಯ ಮೇಲೆಯೇ.

ಹಾಗಾದರೆ ಎಲ್ಲ ಅಳಿವೆಗೂ ಒಂದೇ ಮಿತಿ ಸರಿಯೇ?

ನನ್ನ ಪ್ರಕಾರ ಸರಿಯಲ್ಲ, ನಿಯಮ ಮಾಡುವವರೂ ಇದನ್ನು ನಿಧಾನವಾಗಿ ಒಪ್ಪಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಉಪ್ಪುನೀರಿನ ತಾಮ್ರದ ಮಿತಿ 3.76 ಮೈಕ್ರೊಗ್ರಾಂ. ಕರಗಿದ ಸಾವಯವ ಇಂಗಾಲ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಮಿತಿಯೂ ಏರುತ್ತದೆ: ಇಂಗಾಲದ ಅರ್ಧದಿಂದ 0.5 ಕಳೆದು, ಬಂದದ್ದನ್ನು 2.677ರಿಂದ ಗುಣಿಸಿ, 3.76ಕ್ಕೆ ಕೂಡಿಸಬೇಕು. ಇಂಗಾಲ 3 ಮಿಲಿಗ್ರಾಂ ಇದ್ದರೆ ಮಿತಿ ಸುಮಾರು 6.44 ಆಗುತ್ತದೆ. ಮೊದಲ ಪ್ರಶ್ನೆಯ 6 ಇಲ್ಲಿ ಪಾಸು, ಇಂಗಾಲ 1 ಮಿಲಿಗ್ರಾಂ ಇರುವ ಅಳಿವೆಯಲ್ಲಿ ನಪಾಸು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ ನೀರಿನಲ್ಲೂ ಪ್ರಯೋಗಾಲಯದ ಶುದ್ಧ ಸಮುದ್ರದ ನೀರಿನಲ್ಲೂ ಚಿಪ್ಪುಜೀವಿಯ ಭ್ರೂಣಗಳನ್ನು ಬೆಳೆಸಿ, ತಾಮ್ರ ಎರಡರಲ್ಲಿ ಎಷ್ಟೆಷ್ಟು ವಿಷಕಾರಿ ಎಂದು ಹೋಲಿಸಿದರು. ಆ ಆಧಾರದ ಮೇಲೆ 2002ರಲ್ಲಿ ಅಲ್ಲಿಗೆಂದೇ 6.9 ಮೈಕ್ರೊಗ್ರಾಂ ಎಂಬ ದೀರ್ಘಾವಧಿ ಮಿತಿ ಬಂತು. ಇದನ್ನು ರಿಯಾಯಿತಿ ಎಂದು ಟೀಕಿಸುವವರೂ ಇದ್ದಾರೆ. ನಿಗಾ ಮುಂದುವರಿಯುವವರೆಗೆ ಇದು ರಿಯಾಯಿತಿಯಲ್ಲ, ನಿಗಾ ನಿಂತ ದಿನ ರಿಯಾಯಿತಿಯೇ.

ಮಾದರಿಯನ್ನು ಉಬ್ಬರದಲ್ಲಿ ತೆಗೆಯಬೇಕೋ, ಇಳಿತದಲ್ಲೋ?

ಎರಡರಲ್ಲೂ. ಸಾಧ್ಯವಾದರೆ ಒಂದು ಇಡೀ ಚಕ್ರದಲ್ಲಿ. ಬಹುತೇಕ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಒಂದೇ ಜಾಗದಲ್ಲಿ ದೋಣಿ ಕಟ್ಟಿಕೊಂಡು 13 ಗಂಟೆ ಕಾಲ, ಗಂಟೆಗೊಮ್ಮೆ ಮಾದರಿ ತೆಗೆದರೆ ಆ ಜಾಗದ ಸ್ವಭಾವ ತಿಳಿಯುತ್ತದೆ. ದಣಿವಿನ ಕೆಲಸ, ಆದರೂ ಹೊಸ ಕೇಂದ್ರ ಆರಂಭಿಸುವಾಗ ಒಮ್ಮೆಯಾದರೂ ಮಾಡಲೇಬೇಕು. ನೀರು ಜೋರಾಗಿ ಹರಿಯುವ ಹೊತ್ತಿನಲ್ಲಿ ತಳದ ಕೆಸರು ಎದ್ದು ಸೋಸದ ಮಾದರಿಯ ಸೀಸ ಹಲವು ಪಟ್ಟಾಗಬಹುದು, ಹರಿವು ನಿಂತ ಗಳಿಗೆಯಲ್ಲಿ ಅದೇ ಜಾಗ ತಿಳಿನೀರಾಗಿ ಕಾಣಬಹುದು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದೊಡ್ಡ ಉಬ್ಬರಗಳು ಅಷ್ಟಮಿಯ ಸಣ್ಣ ಉಬ್ಬರಗಳಿಗಿಂತ ಹೆಚ್ಚು ಕೆಸರು ಎಬ್ಬಿಸುತ್ತವೆ. ಆದ್ದರಿಂದ ಈ ತಿಂಗಳ ಹುಣ್ಣಿಮೆಯ ಮಾದರಿಯನ್ನು ಮುಂದಿನ ತಿಂಗಳ ಅಷ್ಟಮಿಯ ಮಾದರಿಗೆ ಹೋಲಿಸಿ "ಮಾಲಿನ್ಯ ಇಳಿಯಿತು" ಎನ್ನಬೇಡಿ.

ಕಚೇರಿಯ ವೇಳಾಪಟ್ಟಿಯಂತೆ ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾದರಿ ತೆಗೆಯುವ ಪದ್ಧತಿ ಈ ಲೆಕ್ಕವನ್ನೇ ಕೆಡಿಸುತ್ತದೆ. ಚಂದ್ರನಿಗೆ ನಮ್ಮ ಸೋಮವಾರ ಗೊತ್ತಿಲ್ಲ.

ತ್ಯಾಜ್ಯನೀರಿನ ಕೊಳವೆ ಸೇರುವ ಜಾಗಕ್ಕಿಂತ ಮೇಲೆ, ಕೆಳಗೆ ಎರಡೂ ಕಡೆ ಅಳೆದರೆ ಮೂಲ ಸಿಕ್ಕಂತಲ್ಲವೇ?

ನದಿಯಲ್ಲಿ ಈ ತರ್ಕ ನಡೆಯುತ್ತದೆ. ಅಳಿವೆಯಲ್ಲಿ ಉಬ್ಬರವು ಕೊಳವೆಯ ನೀರನ್ನು ಮೇಲಕ್ಕೂ ತಳ್ಳುತ್ತದೆ, ಸಮುದ್ರದ ನೀರು ಎಲ್ಲವನ್ನೂ ತೆಳುವಾಗಿಸುತ್ತದೆ. ಇಲ್ಲಿ ನಂಬಬಹುದಾದ ಸಾಧನ ಮಿಶ್ರಣ ರೇಖೆ. ಅಡ್ಡಕ್ಕೆ ಲವಣಾಂಶ, ಉದ್ದಕ್ಕೆ ಲೋಹದ ಪ್ರಮಾಣ ಹಾಕಿ, ನದಿಯ ತುದಿ ಮತ್ತು ಸಮುದ್ರದ ತುದಿಯ ಎರಡು ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿ. ಬರೀ ಬೆರೆಕೆಯಷ್ಟೇ ನಡೆದಿದ್ದರೆ ಉಳಿದ ಬಿಂದುಗಳು ಆ ಗೆರೆಯ ಮೇಲೆ ಬೀಳುತ್ತವೆ. ಗೆರೆಗಿಂತ ಮೇಲೆ ಉಬ್ಬಿದರೆ ನಡುವೆ ಎಲ್ಲಿಂದಲೋ ಲೋಹ ಸೇರುತ್ತಿದೆ: ಕೊಳವೆ, ಕೆಸರು ಅಥವಾ ಕ್ಯಾಡ್ಮಿಯಂನಂತೆ ಕಣದಿಂದ ಬಿಡುಗಡೆ. ಕೆಳಗೆ ತಗ್ಗಿದರೆ ಲೋಹ ನೀರಿನಿಂದ ಹೊರಬೀಳುತ್ತಿದೆ. ಕಬ್ಬಿಣ ಹೀಗೆ ಮಾಡುತ್ತದೆ, ಉಪ್ಪು ತಾಗಿದ ಕೂಡಲೇ ಮುದ್ದೆಗಟ್ಟಿ ತಳಕ್ಕಿಳಿಯುತ್ತದೆ.

ಒಂದು ಎಚ್ಚರಿಕೆ. ಅಳಿವೆಯ ನೀರು ಪೂರ್ತಿ ಬದಲಾಗಲು ವಾರಗಳು ಬೇಕಾಗುವಲ್ಲಿ, ನದಿಯ ಲೋಹದ ಪ್ರಮಾಣ ಅಷ್ಟರಲ್ಲಿ ಬದಲಾಗಿದ್ದರೆ, ಏನೂ ಸೇರದಿದ್ದರೂ ಗೆರೆ ಬಾಗಿದಂತೆ ಕಾಣುತ್ತದೆ. ನದಿಯ ತುದಿಯನ್ನು ಒಂದೇ ಸಲ ಅಳೆದು ರೇಖೆ ಎಳೆದವರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಸಾಧ್ಯತೆ ಹೆಚ್ಚು.

ಮಾದರಿ ತೆಗೆಯುವಾಗ ಅಷ್ಟೊಂದು ಮಡಿ ಏಕೆ?

ಏಕೆಂದರೆ ಅಳೆಯಲು ಹೊರಟ ಲೋಹಕ್ಕಿಂತ ಹೆಚ್ಚು ಲೋಹ ನಮ್ಮ ಕೈ, ದೋಣಿ, ಬಾಟಲಿಗಳಲ್ಲೇ ಇದೆ. ಸಮುದ್ರದ ನೀರಿನ ಸೀಸದ ಬಗ್ಗೆ 1970ರ ದಶಕಕ್ಕೂ ಮೊದಲು ಪ್ರಕಟವಾದ ಅಂಕಿಗಳಲ್ಲಿ ಬಹಳಷ್ಟು ನಿಜವಾದ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚಿದ್ದವು. ಭೂಮಿಯ ವಯಸ್ಸನ್ನು ನಿಖರವಾಗಿ ಲೆಕ್ಕಹಾಕಿದ ಕ್ಲೇರ್ ಪ್ಯಾಟರ್ಸನ್ ಅವರೇ ಶುದ್ಧ ಕೋಣೆ ಕಟ್ಟಿ, ಆ ಸೀಸ ಸಮುದ್ರದ್ದಲ್ಲ, ಅಳೆದವರದ್ದು ಎಂದು ತೋರಿಸಿದರು.

ಕ್ರಮ ಹೀಗೆ. ಆಮ್ಲದಲ್ಲಿ ನೆನೆಸಿ ತೊಳೆದ ಪಾಲಿಎಥಿಲೀನ್ ಬಾಟಲಿ, ಅದನ್ನು ಸುತ್ತಿದ ಎರಡು ಪ್ಲಾಸ್ಟಿಕ್ ಚೀಲಗಳು. ಒಬ್ಬರು ಹೊರಚೀಲ, ಹಗ್ಗ, ದೋಣಿ ಮುಟ್ಟುವವರು. ಇನ್ನೊಬ್ಬರು ಒಳಚೀಲ ಮತ್ತು ಬಾಟಲಿಯನ್ನಷ್ಟೇ ಮುಟ್ಟುವವರು. ಪುಡಿ ಹಚ್ಚಿದ ಕೈಗವಸು ಬೇಡ, ಆ ಪುಡಿಯಲ್ಲಿ ಸತು ಇರುತ್ತದೆ. ದೋಣಿಯ ತುಕ್ಕು ತಡೆಯಲು ತಳದಲ್ಲಿ ಕಟ್ಟುವ ಸತುವಿನ ತುಂಡು, ತಾಮ್ರ ಬೆರೆತ ಬಣ್ಣ ಎರಡೂ ಶತ್ರುಗಳೇ. ಆದ್ದರಿಂದ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ನಿಲ್ಲಿಸಿ, ಮುಂದಕ್ಕೆ ಕೈಚಾಚಿ ಮಾದರಿ ತೆಗೆಯಬೇಕು. ಶುದ್ಧ ನೀರು ತುಂಬಿದ ಇನ್ನೊಂದು ಬಾಟಲಿಯನ್ನು ದೋಣಿಯಲ್ಲೇ ತೆರೆದು, ಸೋಸಿ, ಆಮ್ಲ ಹಾಕಿ ತರಬೇಕು. ಇದೇ ಖಾಲಿ ಮಾದರಿ. ಖರ್ಚು ಉಳಿಸಲು ಎಲ್ಲಕ್ಕಿಂತ ಮೊದಲು ಬಿಡುವುದು ಇದನ್ನೇ, ಎಂದಿಗೂ ಬಿಡಬಾರದದ್ದೂ ಇದೇ.

ಮೊದಲು ಆಮ್ಲ ಹಾಕಿ, ಪ್ರಯೋಗಾಲಯಕ್ಕೆ ಬಂದ ಮೇಲೆ ಸೋಸಬಹುದೇ?

ಕೂಡದು. ಆಮ್ಲ ಬಿದ್ದ ಕೂಡಲೇ ಕಣಗಳಿಗೆ ಅಂಟಿದ ಲೋಹ ನೀರಿಗಿಳಿಯುತ್ತದೆ, ಆಮೇಲೆ ಸೋಸಿದರೆ ಬರುವುದು "ಕರಗಿದ" ಲೋಹವಲ್ಲ. ಮೊದಲು 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ, ನಂತರ ಶುದ್ಧ ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಈ 0.45 ಎಂಬುದು ಪ್ರಕೃತಿ ಎಳೆದ ಗೆರೆಯಲ್ಲ, ರೂಢಿ. ಅದಕ್ಕಿಂತ ಸಣ್ಣ ಕಬ್ಬಿಣದ ಮತ್ತು ಸಾವಯವ ಕಲಿಲಗಳು (ಕರಗದೆ ತೇಲುವ ಅತಿಸೂಕ್ಷ್ಮ ಕಣಗಳು) ಸಲೀಸಾಗಿ ನುಸುಳುತ್ತವೆ. ಲೋಹದ ರೂಪಗಳನ್ನು ಅಳೆಯಬೇಕಾದ ಮಾದರಿಗೆ ಮಾತ್ರ ಆಮ್ಲವೇ ಬೇಡ.

ನಮ್ಮ ಪ್ರಯೋಗಾಲಯದಲ್ಲಿ ಐಸಿಪಿ-ಎಂಎಸ್ ಯಂತ್ರವಿದೆ. ಅಷ್ಟು ಸಾಕಲ್ಲ?

ಉಪ್ಪನ್ನು ನಿಭಾಯಿಸುವ ವಿಧಾನವೂ ಇದ್ದರೆ ಸಾಕು. ಈ ಯಂತ್ರ ಆರ್ಗಾನ್ ಅನಿಲದ ಪ್ಲಾಸ್ಮಾದಲ್ಲಿ ಮಾದರಿಯನ್ನು ಸುಟ್ಟು ಪರಮಾಣುಗಳನ್ನು ರಾಶಿಯ ಪ್ರಕಾರ ಎಣಿಸುತ್ತದೆ. ಉಪ್ಪಿನ ಸೋಡಿಯಂ (23) ಆರ್ಗಾನ್ (40) ಜೊತೆ ಸೇರಿದರೆ 63, ತಾಮ್ರದ ಮುಖ್ಯ ಸಮಸ್ಥಾನಿಯ (ಐಸೊಟೋಪಿನ) ರಾಶಿಯೂ 63. ಕ್ಲೋರಿನ್ (35) ಆರ್ಗಾನ್ ಜೊತೆ ಸೇರಿದರೆ 75, ಆರ್ಸೆನಿಕ್ ಕೂಡ 75. ಅಂದರೆ ಉಪ್ಪುನೀರನ್ನು ನೇರವಾಗಿ ಹಾಕಿದರೆ ಇಲ್ಲದ ತಾಮ್ರ, ಇಲ್ಲದ ಆರ್ಸೆನಿಕ್ ಕಾಣಿಸಿಕೊಳ್ಳುತ್ತವೆ, ಅದೂ ಲವಣಾಂಶ ಹೆಚ್ಚಿದಷ್ಟೂ ಹೆಚ್ಚು. ಲೋಹವನ್ನು ಮಾತ್ರ ಹಿಡಿಯುವ ರಾಳದ ಮೂಲಕ ನೀರನ್ನು ಹಾಯಿಸಿ, ಉಪ್ಪನ್ನು ತೊಳೆದುಬಿಟ್ಟು, ಹಿಡಿದ ಲೋಹವನ್ನು ಸ್ವಲ್ಪವೇ ಆಮ್ಲದಲ್ಲಿ ಇಳಿಸಿಕೊಳ್ಳುವುದು ಹಳೆಯ, ನಂಬಿಕಸ್ಥ ದಾರಿ. ಆರ್ಸೆನಿಕ್ ಮಾತ್ರ ಈ ರಾಳಕ್ಕೆ ಸಿಕ್ಕುವುದಿಲ್ಲ, ಅದಕ್ಕೆ ಹೈಡ್ರೈಡ್ ಅನಿಲವಾಗಿಸುವ ಬೇರೆ ವಿಧಾನವಿದೆ. ಪ್ರತಿ ಸರದಿಯಲ್ಲೂ ಪ್ರಮಾಣೀಕೃತ ಅಳಿವೆ ನೀರಿನ ಮಾದರಿಯೊಂದನ್ನು ಅಳೆದು ಸರಿಯುತ್ತರ ಬರುತ್ತದೆಯೇ ನೋಡಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಇಂಥ ಮಾದರಿಗಳನ್ನು ಬಹುಕಾಲದಿಂದ ತಯಾರಿಸುತ್ತ ಬಂದಿದೆ.

ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿ, ಕಿಟ್‌ಗಳು?

ಲೋಹ ಲೇಪನ ಘಟಕದ ತ್ಯಾಜ್ಯನೀರಿಗೆ ಸರಿ. ಅಳಿವೆಗೆ ಬೇಡ. ಅವುಗಳ ಕಣ್ಣಿಗೆ ಲೀಟರಿಗೆ 3 ಮೈಕ್ರೊಗ್ರಾಂ ಕಾಣಿಸುವುದೇ ಇಲ್ಲ.

ಡಿಜಿಟಿ ಎಂಬ ಪುಟ್ಟ ಬಿಲ್ಲೆಯ ಬಗ್ಗೆ ಕೇಳಿದ್ದೇವೆ. ಅದು ಏನು ಮಾಡುತ್ತದೆ?

ಪದರ ಪದರವಾದ ಜೆಲ್ ತುಂಬಿದ ಪ್ಲಾಸ್ಟಿಕ್ ಬಿಲ್ಲೆ ಅದು. 1994ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್‌ನ ವಿಲಿಯಂ ಡೇವಿಸನ್ ಮತ್ತು ಹಾವೊ ಝಾಂಗ್ ಇದನ್ನು ಪರಿಚಯಿಸಿದರು. ಹೊರಗೆ ಸೋಸುಪೊರೆ, ನಡುವೆ ಲೋಹ ಹರಡಿಕೊಂಡು ಸಾಗುವ ಜೆಲ್, ಹಿಂದೆ ಲೋಹವನ್ನು ಹಿಡಿದಿಡುವ ರಾಳದ ಜೆಲ್. ಬಿಡಿ ಅಯಾನುಗಳು ಮತ್ತು ಸಡಿಲವಾಗಿ ಬಂಧಿತವಾದವು ಒಳಬರುತ್ತವೆ. ಬಿಗಿಯಾಗಿ ಬಂಧಿತವಾದವು, ದೊಡ್ಡ ಕಣಗಳು ಹೊರಗೇ ಉಳಿಯುತ್ತವೆ.

ಲೆಕ್ಕ ಸರಳ. ರಾಳ ಹಿಡಿದ ಲೋಹದ ತೂಕವನ್ನು ಜೆಲ್ ಪದರದ ದಪ್ಪದಿಂದ ಗುಣಿಸಿ, ಪ್ರಸರಣ ಗುಣಾಂಕ (ಜೆಲ್‌ನಲ್ಲಿ ಲೋಹ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ), ಸಮಯ, ಕಿಂಡಿಯ ವಿಸ್ತೀರ್ಣ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಒಂದು ಉದಾಹರಣೆ: ಮೂರು ದಿನ, ಅಂದರೆ 2,59,200 ಸೆಕೆಂಡು, ಇಳಿಬಿಟ್ಟ ಬಿಲ್ಲೆ 100 ನ್ಯಾನೊಗ್ರಾಂ ತಾಮ್ರ ಹಿಡಿದಿದೆ ಎಂದಿಟ್ಟುಕೊಳ್ಳಿ. ಪದರದ ದಪ್ಪ 0.094 ಸೆಂಟಿಮೀಟರ್, ವಿಸ್ತೀರ್ಣ 3.14 ಚದರ ಸೆಂಟಿಮೀಟರ್, 25 ಡಿಗ್ರಿಯಲ್ಲಿ ತಾಮ್ರದ ಗುಣಾಂಕ ಸೆಕೆಂಡಿಗೆ 0.0000062 ಚದರ ಸೆಂಟಿಮೀಟರ್. ಉತ್ತರ ಲೀಟರಿಗೆ ಸುಮಾರು 1.9 ಮೈಕ್ರೊಗ್ರಾಂ. ಇದು ಮೂರು ದಿನಗಳ ಸರಾಸರಿ, ಆರು ಉಬ್ಬರ ಇಳಿತಗಳು ಇದರೊಳಗೆ ಸೇರಿವೆ. ಬಾಟಲಿ ಹಿಡಿದು ಓಡಾಡುವವರಿಗೆ ಈ ಸೌಲಭ್ಯ ಎಲ್ಲಿಂದ ಬರಬೇಕು?

ನೀರಿನ ಉಷ್ಣತೆಯನ್ನು ಜೊತೆಯಲ್ಲೇ ದಾಖಲಿಸಬೇಕು, ಗುಣಾಂಕ ಅದರೊಂದಿಗೆ ಬದಲಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಬಿಲ್ಲೆಯ ಮೇಲೆ ಪಾಚಿಯ ಲೋಳೆ ಬೇಗ ಕಟ್ಟಿಕೊಂಡು ದಾರಿ ಮುಚ್ಚುವುದರಿಂದ ವಾರಗಟ್ಟಲೆ ಬಿಡಬೇಡಿ. ಇಳಿತದಲ್ಲಿ ಬಿಲ್ಲೆ ನೀರಿನಿಂದ ಹೊರಬಂದು ಒಣಗಿದರೆ ಆ ಲೆಕ್ಕವೇ ಹೋಯಿತು. ಇನ್ನೂ ಒಂದು ಮಾತು: ಡಿಜಿಟಿ ಅಳೆಯುವುದು ನೀರಿನ ಮೂಲಕ ಸಿಗಬಹುದಾದ ಲೋಹವನ್ನು. ಕೆಸರು ತಿನ್ನುವ ಪ್ರಾಣಿಗೆ ಆಹಾರದ ಮೂಲಕ ಬರುವುದು ಅದಕ್ಕೆ ಗೊತ್ತಾಗದು.

ಹಾಗಿದ್ದರೆ ಚಿಪ್ಪುಜೀವಿಗಳನ್ನೇ ಕೇಳಬಹುದಲ್ಲ?

ಕೇಳಬಹುದು, 1970ರ ದಶಕದಿಂದ ಕೇಳುತ್ತಲೂ ಬಂದಿದ್ದಾರೆ. ಅಮೆರಿಕದಲ್ಲಿ 1976ರಿಂದ ಮೂರು ವರ್ಷ ಪಚ್ಚಿಲೆ ಮತ್ತು ಸಿಂಪಿಗಳ ಮೂಲಕ ಕರಾವಳಿಯ ಮೇಲೆ ನಿಗಾ ಇಡಲಾಯಿತು, 1986ರಲ್ಲಿ ಅದು ನಿರಂತರ ಕಾರ್ಯಕ್ರಮವಾಯಿತು. ಆದರೆ ಎಲ್ಲ ಪ್ರಾಣಿಯೂ ಒಂದೇ ಬಗೆಯಲ್ಲಿ ಉತ್ತರ ಕೊಡುವುದಿಲ್ಲ. ಏಡಿ, ಸಿಗಡಿಗಳು ತಮ್ಮ ದೇಹದ ತಾಮ್ರ ಮತ್ತು ಸತುವನ್ನು ಒಂದು ಮಟ್ಟದಲ್ಲಿ ಕಾಯ್ದುಕೊಳ್ಳುತ್ತವೆ, ಅವುಗಳಲ್ಲಿ ಸತು ಅಳೆದು ನೀರಿನ ಸತುವನ್ನು ಊಹಿಸಲಾಗದು. ಬಂಡೆಗೆ ಅಂಟುವ ಬಾರ್ನಕಲ್ ಇದಕ್ಕೆ ತದ್ವಿರುದ್ಧ, ಬಂದ ಸತುವನ್ನೆಲ್ಲ ಹರಳುಗಳಾಗಿ ಪೇರಿಸಿಡುತ್ತದೆ. ಸಿಂಪಿ ತಾಮ್ರ ಮತ್ತು ಸತುವನ್ನು ವಿಪರೀತ ಸಂಗ್ರಹಿಸುತ್ತದೆ. ಪಚ್ಚಿಲೆ ಸೀಸ, ಕ್ಯಾಡ್ಮಿಯಂಗಳಿಗೆ ಒಳ್ಳೆಯ ಸಾಕ್ಷಿ, ಸತುವಿಗೆ ಅಷ್ಟಕ್ಕಷ್ಟೆ.

ಒಂದೇ ಗಾತ್ರದವನ್ನು ಆರಿಸಿ. ಮೊಟ್ಟೆಯಿಡುವ ಕಾಲದಲ್ಲಿ ದೇಹದ ತೂಕ ಏರಿಳಿಯುವುದರಿಂದ ಪ್ರತಿ ವರ್ಷ ಒಂದೇ ಋತುವಿನಲ್ಲಿ ತೆಗೆಯಿರಿ. ಹೊಟ್ಟೆಯಲ್ಲಿರುವ ಕೆಸರು ಖಾಲಿಯಾಗಲು ಒಂದೆರಡು ದಿನ ಶುದ್ಧ ಉಪ್ಪುನೀರಿನಲ್ಲಿ ಬಿಡಿ, ಇಲ್ಲವಾದರೆ ಅಳೆದದ್ದು ಪ್ರಾಣಿಯ ಸೀಸವೋ ಮಣ್ಣಿನ ಸೀಸವೋ ತಿಳಿಯದು. ಫಲಿತಾಂಶ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಬರೆಯಿರಿ. ಎರಡರ ನಡುವೆ ಸುಮಾರು ಐದು ಪಟ್ಟು ವ್ಯತ್ಯಾಸವಿದೆ. ಯುರೋಪಿನ ಆಹಾರ ನಿಯಮದಲ್ಲಿ ಎರಡು ಚಿಪ್ಪಿನ ಜೀವಿಗಳಿಗೆ ಕ್ಯಾಡ್ಮಿಯಂ ಮಿತಿ ಕಿಲೋಗ್ರಾಂಗೆ 1 ಮಿಲಿಗ್ರಾಂ, ಅದು ಹಸಿ ತೂಕಕ್ಕೆ. ಒಣ ತೂಕದ 3 ಮಿಲಿಗ್ರಾಂ ನೋಡಿ ಮಿತಿ ಮೀರಿತು ಎಂದು ಕೂಗಿದರೆ ಸಿಂಪಿ ಮಾರುವವರ ಹೊಟ್ಟೆಯ ಮೇಲೆ ಹೊಡೆದಂತೆ.

ಕೆಸರಿನಲ್ಲಿ ಹುಳುಗಳು ಚೆನ್ನಾಗಿಯೇ ಬದುಕಿವೆ. ಅಂದರೆ ಜಾಗ ಶುದ್ಧವಲ್ಲವೇ?

ಹಾಗೆಂದು ಹೇಳಲಾಗದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೆಸ್ಟ್ರಾಂಗೆಟ್ ಎಂಬ ಅಳಿವೆಯ ಕವಲಿದೆ. ಹಳೆಯ ಗಣಿಗಳ ತಾಮ್ರ, ಸತು, ಆರ್ಸೆನಿಕ್ ಅಲ್ಲಿನ ಕೆಸರಿನಲ್ಲಿ ತುಂಬಿಕೊಂಡಿವೆ. ಅಲ್ಲಿನ ಕೆಸರುಹುಳುಗಳು ಬೇರೆಡೆಯ ಅದೇ ಜಾತಿಯ ಹುಳುಗಳನ್ನು ಕೊಲ್ಲುವಷ್ಟು ತಾಮ್ರವನ್ನು ಸಹಿಸುತ್ತವೆ ಎಂದು 1970ರ ದಶಕದ ಆರಂಭದಲ್ಲೇ ಕಂಡುಕೊಳ್ಳಲಾಯಿತು. ಆ ಹುಳುಗಳ ದೇಹದಲ್ಲಿ ತಾಮ್ರ ಬೇಕಾದಷ್ಟಿದೆ, ಅವನ್ನು ತಿನ್ನುವ ಮೀನಿಗೂ ಹಕ್ಕಿಗೂ ಆ ಸಹನಶಕ್ತಿ ಇರಬೇಕೆಂದಿಲ್ಲ.

ಕೆಸರಿನ ಲೋಹವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಮೊದಲು ಕಣದ ಗಾತ್ರ. ಲೋಹ ನುಣ್ಣನೆಯ ಜೇಡಿಗೆ ಅಂಟುತ್ತದೆ, ಮರಳಿಗಲ್ಲ. 63 ಮೈಕ್ರಾನ್‌ಗಿಂತ ಸಣ್ಣ ಭಾಗವನ್ನು ಬೇರ್ಪಡಿಸಿ ಅಳೆಯಿರಿ, ಅಥವಾ ಲೋಹವನ್ನು, ಜೇಡಿ ಎಷ್ಟಿದೆಯೆಂದು ತೋರಿಸುವ ಅಲ್ಯೂಮಿನಿಯಂ ಪ್ರಮಾಣದಿಂದ ಭಾಗಿಸಿ ಹೋಲಿಸಿ. ಹಾಗೆ ಮಾಡದಿದ್ದರೆ ಮರಳಿನ ಕೇಂದ್ರ ಯಾವಾಗಲೂ ಶುದ್ಧ, ಜೇಡಿಯ ಕೇಂದ್ರ ಯಾವಾಗಲೂ ಕೊಳಕು.

ಉತ್ತರ ಅಮೆರಿಕದ ದತ್ತಾಂಶದಿಂದ ಬಂದ ಮಾರ್ಗದರ್ಶಿ ಮಟ್ಟಗಳಿವೆ. ತಾಮ್ರಕ್ಕೆ ಒಣ ಕೆಸರಿನ ಕಿಲೋಗ್ರಾಂಗೆ 34 ಮಿಲಿಗ್ರಾಂಗಿಂತ ಕಡಿಮೆಯಾದರೆ ತೊಂದರೆ ಅಪರೂಪ, 270ಕ್ಕಿಂತ ಹೆಚ್ಚಾದರೆ ಆಗಾಗ. ಸೀಸಕ್ಕೆ 46.7 ಮತ್ತು 218. ನಡುವಿನ ಅಂತರ ನೋಡಿದರೇ ಗೊತ್ತಾಗುತ್ತದೆ, ಒಟ್ಟು ಪ್ರಮಾಣ ಎಷ್ಟು ಕಡಿಮೆ ಹೇಳುತ್ತದೆಂದು. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಸಲ್ಫೈಡ್ ಇರುತ್ತದೆ, ಅದು ಕ್ಯಾಡ್ಮಿಯಂ, ತಾಮ್ರ, ಸೀಸ, ನಿಕ್ಕಲ್, ಸತುಗಳನ್ನು ಕರಗದ ರೂಪಕ್ಕೆ ತರುತ್ತದೆ. ತಣ್ಣನೆಯ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಹೊರಬರುವ ಸಲ್ಫೈಡ್ ಆ ಲೋಹಗಳ ಮೊತ್ತಕ್ಕಿಂತ ಮೋಲ್ ಲೆಕ್ಕದಲ್ಲಿ ಹೆಚ್ಚಿದ್ದರೆ, ಕಣಗಳ ನಡುವಿನ ನೀರಿನಲ್ಲಿ ಅವುಗಳ ವಿಷ ಕಾಣುವ ಸಾಧ್ಯತೆ ಕಡಿಮೆ.

ಹೂಳೆತ್ತಿದರೆ?

ಅದೇ ಸಲ್ಫೈಡ್ ಗಾಳಿಗೆ ಒಡ್ಡಿಕೊಂಡು ಉತ್ಕರ್ಷಣಗೊಳ್ಳುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಹೂಳೆತ್ತುವ ಮೊದಲು, ಎತ್ತುವಾಗ, ನಂತರ ಮೂರೂ ಹೊತ್ತಿನಲ್ಲಿ ಡಿಜಿಟಿ ಇಳಿಬಿಡಿ.

ಪಾದರಸವನ್ನು ಬೇರೆಯೇ ಇಡುವುದೇಕೆ?

ಅದರ ಅಪಾಯ ನೀರಿನಲ್ಲಿ ಕಾಣುವುದಿಲ್ಲ, ಆಹಾರ ಸರಪಳಿಯ ತುದಿಯಲ್ಲಿ ಕಾಣುತ್ತದೆ. ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾ, ಮುಖ್ಯವಾಗಿ ಸಲ್ಫೇಟ್ ಬಳಸುವಂಥವು, ಪಾದರಸವನ್ನು ಮಿಥೈಲ್ ಪಾದರಸವಾಗಿಸುತ್ತವೆ. ಅದು ಪಾಚಿಯಿಂದ ಸಿಗಡಿಗೆ, ಸಿಗಡಿಯಿಂದ ಮೀನಿಗೆ ಏರುತ್ತ ಹೆಚ್ಚುತ್ತದೆ. ದೊಡ್ಡ ಬೇಟೆಮೀನುಗಳ ಪಾದರಸದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಈ ರೂಪದ್ದೇ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಅಧಿಕೃತವಾಗಿ ಗುರುತಿಸಿದ ರೋಗಕ್ಕೆ ಕಾರಣವಾದ ಕಾರ್ಖಾನೆ ಮಿಥೈಲ್ ಪಾದರಸವನ್ನು ನೇರವಾಗಿಯೇ ಹೊರಬಿಡುತ್ತಿತ್ತು, ಆ ಪ್ರಕ್ರಿಯೆ ನಿಂತದ್ದು 1968ರಲ್ಲಿ. ಪಾದರಸದ ಮಾದರಿಗೆ ಪಾಲಿಎಥಿಲೀನ್ ಬಾಟಲಿ ಬಳಸಬೇಡಿ, ಗಾಜು ಅಥವಾ ಟೆಫ್ಲಾನ್ ಬಳಸಿ. ಮೀನನ್ನೂ ಅಳೆಯಿರಿ.

ಮೂಲವನ್ನು ನಿಲ್ಲಿಸಿದರೆ ಅಳಿವೆ ಚೇತರಿಸಿಕೊಳ್ಳುತ್ತದೆಯೇ?

ನೀರು ಬೇಗ, ಚಿಪ್ಪುಜೀವಿಗಳು ಕೆಲವು ವರ್ಷಗಳಲ್ಲಿ, ಕೆಸರು ತಲೆಮಾರುಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಾಲೊ ಆಲ್ಟೊ ಬಳಿಯ ಕೆಸರು ಬಯಲಿನ ಸಣ್ಣ ಕಪ್ಪೆಚಿಪ್ಪುಗಳಲ್ಲಿ 1970ರ ದಶಕದಲ್ಲಿ ತಾಮ್ರ ಮತ್ತು ಬೆಳ್ಳಿ ವಿಪರೀತವಿದ್ದವು. ಕೊಳಚೆ ಶುದ್ಧೀಕರಣ ಸುಧಾರಿಸಿ, ಬೆಳ್ಳಿಯನ್ನು ಮೂಲದಲ್ಲೇ ತಡೆದ ಮೇಲೆ 1980ರ ದಶಕದಲ್ಲಿ ಎರಡೂ ಇಳಿದವು, ಕಪ್ಪೆಚಿಪ್ಪುಗಳ ಸಂತಾನಶಕ್ತಿಯೂ ಮರಳಿತು. ಇದು ನಮಗೆ ಗೊತ್ತಾದದ್ದು ಅದೇ ಜಾಗದಲ್ಲಿ, ಅದೇ ಪ್ರಾಣಿಯನ್ನು ದಶಕಗಟ್ಟಲೆ ಬಿಡದೆ ಅಳೆದದ್ದರಿಂದ.

ಪಾಚಿ, ಚಿಪ್ಪುಗಳು ಅಂಟದಂತೆ ದೋಣಿಗೆ ಬಳಿಯುವ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್ ತವರದ ಕಥೆ ಬೇರೆ. ಲೀಟರಿಗೆ ಒಂದು ನ್ಯಾನೊಗ್ರಾಂ ಆಸುಪಾಸಿನಲ್ಲೇ ಅದು ಹೆಣ್ಣು ಶಂಖದ ಹುಳುಗಳಲ್ಲಿ ಗಂಡಿನ ಅಂಗ ಬೆಳೆಯುವಂತೆ ಮಾಡುತ್ತಿತ್ತು. ಆರ್ಕಾಶಾನ್ ಕೊಲ್ಲಿಯ ಸಿಂಪಿ ಕೃಷಿ ನೆಲಕಚ್ಚಿದ ಮೇಲೆ ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಅಂಗೀಕಾರವಾಗಿ ಜಾರಿಗೆ ಬಂದದ್ದು 2008ರಲ್ಲಿ. ಅದರ ಜಾಗಕ್ಕೆ ಬಂದ ಬಣ್ಣಗಳಲ್ಲಿ ಮುಖ್ಯ ವಿಷ ಯಾವುದು ಗೊತ್ತೇ? ತಾಮ್ರ.

ಹಣ ಕಡಿಮೆ ಇದೆ. ಎಲ್ಲಿಂದ ಶುರು ಮಾಡುವುದು?

ಕೇಂದ್ರಗಳನ್ನು ಕಡಿಮೆ ಮಾಡಿ, ಪ್ರತಿ ಕೇಂದ್ರದ ಮಾಹಿತಿಯನ್ನಲ್ಲ. ಇಪ್ಪತ್ತು ಕಡೆ ಬರೀ ಒಟ್ಟು ಲೋಹ ಅಳೆಯುವ ಬದಲು ನಾಲ್ಕು ಕಡೆ ಸಾಕು: ನದಿಯ ತುದಿ, ಕೆಸರು ಅತಿ ಹೆಚ್ಚು ತೇಲುವ ಭಾಗ, ಕೆಳಭಾಗ, ಸಮುದ್ರದ ತುದಿ. ನಾಲ್ಕರಲ್ಲೂ ಸೋಸಿದ ಲೋಹ, ಲವಣಾಂಶ, ಪಿಎಚ್, ತೇಲುವ ಕಣಗಳು, ಕರಗಿದ ಸಾವಯವ ಇಂಗಾಲ. ನಡುವಿನ ಎರಡು ಕಡೆ ಡಿಜಿಟಿ. ವರ್ಷಕ್ಕೊಮ್ಮೆ ಒಂದೇ ತಿಂಗಳಲ್ಲಿ ಚಿಪ್ಪುಜೀವಿ. ಮೊದಲ ಮಳೆಯ ನಂತರ ಒಂದು ಹೆಚ್ಚುವರಿ ಸುತ್ತು ಇಟ್ಟುಕೊಳ್ಳಿ, ರಸ್ತೆಯ ಮೇಲೆ ಕೂತ ಬ್ರೇಕ್ ಪುಡಿಯ ತಾಮ್ರ, ಟೈರಿನ ಸತು ಕೊಚ್ಚಿಕೊಂಡು ಬರುವುದು ಆಗಲೇ. ಲೋಹಗಳಲ್ಲಿ ತಾಮ್ರ, ಸತು, ಕ್ಯಾಡ್ಮಿಯಂ, ಸೀಸ ಈ ನಾಲ್ಕರಿಂದ ಆರಂಭಿಸಿ, ಹಣ ಸಿಕ್ಕಂತೆ ಪಾದರಸ ಮತ್ತು ನಿಕ್ಕಲ್ ಸೇರಿಸಿ. ಪ್ರತಿ ಹತ್ತು ಮಾದರಿಗೆ ಒಂದು ಖಾಲಿ ಮಾದರಿಯ ವೆಚ್ಚವನ್ನು ಮೊದಲೇ ಬಜೆಟ್ಟಿನಲ್ಲಿ ಬರೆದುಬಿಡಿ, ಆಮೇಲೆ ಅದನ್ನು ಕೇಳಿದರೆ ಯಾರೂ ಕೊಡುವುದಿಲ್ಲ.